ಸಾವಿರ ಮಕ್ಕಳ ಚಿಪ್ಸ್ ಮೇಷ್ಟ್ರು

ಶಾಲೆ ತೆರೆಯುವ ದಿನದ ರೈಲು. ಡಬ್ಬಿಯ ತುಂಬ ಹುಡುಗರ ಗದ್ದಲ. ಮೂಲೆಯಲ್ಲಿ ಒಬ್ಬ ಪುಟ್ಟ ಹುಡುಗ ಮಾತ್ರ ಅಳುತ್ತ ಕುಳಿತಿದ್ದಾನೆ. ಮನೆ ಬಿಟ್ಟು ಹೊರಟದ್ದು ಅವನಿಗೆ ಇದೇ ಮೊದಲು. ಅವನ ಜೊತೆ ಪ್ರಯಾಣ ಮಾಡುತ್ತಿರುವ ತರುಣನೂ ಅದೇ ಶಾಲೆಗೆ ಹೊಸಬ. ಆದರೆ ಅವನು ಹೊರಟಿರುವುದು ಓದುವುದಕ್ಕಲ್ಲ, ಓದಿಸುವುದಕ್ಕೆ. ಹುಡುಗನಿಗೆ ನಾಲ್ಕು ಸಮಾಧಾನದ ಮಾತು ಹೇಳೋಣವೆಂದು ಆತ ಬಾಯಿ ತೆರೆಯುತ್ತಾನೆ. ಅಳು ನಿಲ್ಲುವ ಬದಲು ಇನ್ನಷ್ಟು ಜೋರಾಗುತ್ತದೆ!

ಮಕ್ಕಳನ್ನು ಹೇಗೆ ಮಾತನಾಡಿಸಬೇಕೆಂಬುದೇ ತಿಳಿಯದ ಈ ತರುಣನ ಹೆಸರು ಚಿಪ್ಪಿಂಗ್. ವರ್ಷ 1870. ಅಲ್ಲಿಂದ ಮುಂದೆ 1933ರವರೆಗೆ ಅವನ ಬದುಕೆಲ್ಲ ಆ ಒಂದೇ ಶಾಲೆಯ ಸುತ್ತ ಕಳೆಯುತ್ತದೆ. ಕೊನೆಗೆ ಅವನು ಕಣ್ಣು ಮುಚ್ಚುವ ಹೊತ್ತಿಗೆ, ಆ ಶಾಲೆಯ ಗೋಡೆ, ಗಂಟೆ, ಮೈದಾನಗಳಿಗಿಂತ ಅವನೇ ಹೆಚ್ಚು ಆ ಶಾಲೆಯಾಗಿರುತ್ತಾನೆ. ಈ ನಡುವೆ ಆದದ್ದೇನು ಎಂಬುದೇ 1939ರಲ್ಲಿ ತೆರೆಗೆ ಬಂದ ‘ಗುಡ್‌ಬೈ, ಮಿಸ್ಟರ್ ಚಿಪ್ಸ್’ ಚಿತ್ರದ ಕಥೆ.

ಎಂಟು ದಶಕ ದಾಟಿದ ಕಪ್ಪು–ಬಿಳುಪು ಚಿತ್ರ. ಹೊಡೆದಾಟವಿಲ್ಲ, ರಹಸ್ಯವಿಲ್ಲ. ಖಳನಾಯಕನೆಂದು ಬೆರಳು ಮಾಡಿ ತೋರಿಸಬಹುದಾದ ಒಬ್ಬನೂ ಇಲ್ಲ. ಆದರೂ ರಜೆಯ ಒಂದು ಮಧ್ಯಾಹ್ನ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ನೋಡಲು ಇದಕ್ಕಿಂತ ತಕ್ಕ ಚಿತ್ರಗಳು ಹೆಚ್ಚಿಲ್ಲ. ಏಕೆಂದರೆ ಪ್ರತಿ ಮನೆಯಲ್ಲೂ ಏಳುವ ಒಂದು ಪ್ರಶ್ನೆಯನ್ನು ಅದು ಕೇಳುತ್ತದೆ: ಒಳ್ಳೆಯ ಶಾಲೆ ಎಂದರೆ ಯಾವುದು?

ನಾಲ್ಕು ದಿನದಲ್ಲಿ ಬರೆದ ಕಥೆ

ಚಿತ್ರಕ್ಕೆ ಆಧಾರ ಜೇಮ್ಸ್ ಹಿಲ್ಟನ್ ಬರೆದ ಅದೇ ಹೆಸರಿನ ಪುಟ್ಟ ಕಾದಂಬರಿ. ‘ಲಾಸ್ಟ್ ಹೊರೈಜನ್’ ಕಾದಂಬರಿಯಲ್ಲಿ ‘ಶಾಂಗ್ರಿ–ಲಾ’ ಎಂಬ ಕನಸಿನ ಊರನ್ನು ಸೃಷ್ಟಿಸಿ ಆ ಪದವನ್ನು ಜಗತ್ತಿನ ಬಾಯಿಗೆ ಕೊಟ್ಟವನು ಇದೇ ಹಿಲ್ಟನ್. 1933ರಲ್ಲಿ ‘ಬ್ರಿಟಿಷ್ ವೀಕ್ಲಿ’ ಎಂಬ ಪತ್ರಿಕೆ ಕ್ರಿಸ್‌ಮಸ್ ಪುರವಣಿಗೆ ಒಂದು ಕಥೆ ಬೇಕೆಂದು ಕೇಳಿತು. ಹಿಲ್ಟನ್ ನಾಲ್ಕೇ ದಿನದಲ್ಲಿ ಇದನ್ನು ಬರೆದು ಮುಗಿಸಿದ. 1934ರಲ್ಲಿ ಅಮೆರಿಕದ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅಚ್ಚಾದ ಮೇಲೆ ಅದರ ಕೀರ್ತಿ ಹಬ್ಬಿತು. ಪುಸ್ತಕವಾಗಿ ಬಂದದ್ದು ಆಮೇಲೆ.

ಬರೆಯಲು ನಾಲ್ಕು ದಿನ ಸಾಕಾದರೂ ಕಥೆ ಹುಟ್ಟಿದ್ದು ನಾಲ್ಕು ದಿನದಲ್ಲಲ್ಲ. ಹಿಲ್ಟನ್‌ನ ತಂದೆಯೇ ಲಂಡನ್ನಿನ ಅಂಚಿನ ವಾಲ್ತಮ್‌ಸ್ಟೊದಲ್ಲಿ ಒಂದು ಶಾಲೆಯ ಹೆಡ್‌ಮಾಸ್ಟರ್. ಹಿಲ್ಟನ್ ಓದಿದ್ದು ಕೇಂಬ್ರಿಜ್‌ನ ಲೀಸ್ ಶಾಲೆಯಲ್ಲಿ. ಅಲ್ಲಿ ಡಬ್ಲ್ಯು. ಎಚ್. ಬಾಲ್ಗಾರ್ನಿ ಎಂಬ ಮೇಷ್ಟ್ರು ದಶಕಗಳ ಕಾಲ ಪಾಠ ಹೇಳಿದವರು. ಚಿಪ್ಸ್ ಪಾತ್ರಕ್ಕೆ ಮುಖ್ಯ ಮಾದರಿ ಅವರೇ. ಹಿಲ್ಟನ್ ಅಲ್ಲಿದ್ದದ್ದು ಮೊದಲ ಮಹಾಯುದ್ಧದ ವರ್ಷಗಳಲ್ಲಿ. ನಿನ್ನೆ ಮೊನ್ನೆಯವರೆಗೆ ಜೊತೆಯಲ್ಲಿ ಆಡಿದ ಹಿರಿಯ ಹುಡುಗರು ಯುದ್ಧಭೂಮಿಗೆ ಹೋಗಿ ಹಿಂತಿರುಗದಿದ್ದ ಕಾಲ ಅದು. ಆ ನೆನಪಿನ ನೆರಳು ಕಥೆಯ ಮೇಲೂ ಚಿತ್ರದ ಮೇಲೂ ದಟ್ಟವಾಗಿದೆ.

ಹಾಲಿವುಡ್ಡಿನ ಎಂಜಿಎಂ ಸಂಸ್ಥೆ ಈ ಕಥೆಯನ್ನು ಅಮೆರಿಕದಲ್ಲಿ ತೆಗೆಯಲಿಲ್ಲ. ಇಂಗ್ಲೆಂಡಿನಲ್ಲಿದ್ದ ತನ್ನ ಶಾಖೆಯ ಮೂಲಕ ಡೆನಮ್ ಸ್ಟುಡಿಯೊದಲ್ಲಿ ಚಿತ್ರೀಕರಿಸಿತು. ಶಾಲೆಯ ಹೊರಾಂಗಣಕ್ಕೆ ಡರ್ಬಿಶೈರ್‌ನ ರೆಪ್ಟನ್ ಶಾಲೆಯನ್ನು ಆರಿಸಿಕೊಂಡಿತು. 1557ರಲ್ಲಿ ಸ್ಥಾಪನೆಯಾದ ಶಾಲೆ ಅದು. ಅಲ್ಲಿನ ವಿದ್ಯಾರ್ಥಿಗಳೇ ರಜೆಯಲ್ಲಿ ಉಳಿದುಕೊಂಡು ಚಿತ್ರದಲ್ಲಿ ಕಾಣಿಸಿಕೊಂಡರು. ತೆರೆಯ ಮೇಲೆ ಓಡಾಡುವ ಆ ಹುಡುಗರ ನಡಿಗೆ, ತಳ್ಳಾಟ, ಟೋಪಿ ಎತ್ತುವ ರೀತಿ ಕಲಿಸಿಕೊಟ್ಟಂತೆ ಕಾಣದಿರುವುದಕ್ಕೆ ಇದೂ ಒಂದು ಕಾರಣ. ನಿರ್ದೇಶಕ ಸ್ಯಾಮ್ ವುಡ್. ಛಾಯಾಗ್ರಹಣ ಫ್ರೆಡ್ಡಿ ಯಂಗ್ ಅವರದು. ಮುಂದೆ ‘ಲಾರೆನ್ಸ್ ಆಫ್ ಅರೇಬಿಯಾ’ದ ಮರಳುಗಾಡನ್ನು ಸೆರೆಹಿಡಿದವರು ಇವರೇ.

ಕಥೆಯಲ್ಲಿ ಬರುವ ಬ್ರೂಕ್‌ಫೀಲ್ಡ್ ಒಂದು ಕಾಲ್ಪನಿಕ ‘ಪಬ್ಲಿಕ್ ಸ್ಕೂಲ್’. ಇಂಗ್ಲೆಂಡಿನಲ್ಲಿ ಈ ಹೆಸರಿನ ಅರ್ಥ ತಿರುಗುಮುರುಗು. ಅದು ಸಾರ್ವಜನಿಕರೆಲ್ಲರ ಶಾಲೆಯಲ್ಲ, ದುಬಾರಿ ಶುಲ್ಕ ತೆರಬಲ್ಲವರ ಖಾಸಗಿ ಶಾಲೆ. ಅಪ್ಪ ಓದಿದಲ್ಲಿಗೆ ಮಗ, ಮಗ ಓದಿದಲ್ಲಿಗೆ ಮೊಮ್ಮಗ ಎಂಬ ಪದ್ಧತಿಯದು. ಚಿತ್ರದಲ್ಲಿ ಕಾಲಿ ಎಂಬ ಮನೆತನದ ನಾಲ್ಕು ತಲೆಮಾರಿನ ಹುಡುಗರು ಒಬ್ಬರಾದ ಮೇಲೊಬ್ಬರು ಚಿಪ್ಸ್ ಮುಂದೆ ಬಂದು ನಿಲ್ಲುತ್ತಾರೆ. ನಾಲ್ವರನ್ನೂ ಅಭಿನಯಿಸಿದವನು ಟೆರ್ರಿ ಕಿಲ್ಬರ್ನ್ ಎಂಬ ಒಬ್ಬನೇ ಬಾಲನಟ. ಮುಖ ಅದೇ, ಕಾಲ ಮಾತ್ರ ಬೇರೆ. ದೀರ್ಘಕಾಲ ಪಾಠ ಹೇಳಿದ ಯಾವ ಮೇಷ್ಟ್ರಿಗಾದರೂ ಈ ಅನುಭವ ಹೊಸದಲ್ಲ.

ಸೋತ ಮೇಷ್ಟ್ರು

ಶಾಲೆಯ ಕಥೆಯೆಂದರೆ ಸಾಮಾನ್ಯವಾಗಿ ಒಬ್ಬ ಅದ್ಭುತ ಶಿಕ್ಷಕ ಬಾಗಿಲಿನಿಂದ ಒಳಗೆ ಬರುತ್ತಾನೆ, ಒಂದೇ ಪಾಠದಲ್ಲಿ ಮಕ್ಕಳ ಮನಸ್ಸು ಗೆಲ್ಲುತ್ತಾನೆ. ಇಲ್ಲಿ ಹಾಗಿಲ್ಲ. ಚಿಪ್ಪಿಂಗ್ ಮೊದಲ ದಿನವೇ ಸೋಲುತ್ತಾನೆ. ಹೊಸ ಮೇಷ್ಟ್ರ ಅಳುಕನ್ನು ಹುಡುಗರು ಕ್ಷಣದಲ್ಲಿ ಗುರುತಿಸುತ್ತಾರೆ. ತರಗತಿ ಸಂತೆಯಾಗುತ್ತದೆ. ಗದ್ದಲ ಕೇಳಿ ಹೆಡ್‌ಮಾಸ್ಟರ್ ಬಂದು ನಿಂತ ಮೇಲೆಯೇ ಎಲ್ಲ ತಣ್ಣಗಾಗುವುದು. ಈ ಕೆಲಸ ನಿನ್ನಿಂದ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಆ ತರುಣ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕಾಗುತ್ತದೆ.

ಅಂದಿನಿಂದ ಅವನು ಹಿಡಿದದ್ದು ಬಿಗಿಯ ದಾರಿ. ಒಂದು ಸಲ ತರಗತಿಯ ತುಂಟಾಟಕ್ಕೆ ಶಿಕ್ಷೆಯಾಗಿ ಎಲ್ಲರನ್ನೂ ಮಧ್ಯಾಹ್ನ ಒಳಗೆ ಕೂರಿಸುತ್ತಾನೆ. ಅದು ಶಾಲೆಯ ಮುಖ್ಯ ಕ್ರಿಕೆಟ್ ಪಂದ್ಯದ ದಿನ. ತಂಡಕ್ಕೆ ಬೇಕಾದ ಹುಡುಗ ಒಳಗೆ ಬಂದಿ. ಕೊಟ್ಟ ಶಿಕ್ಷೆಯನ್ನು ಹಿಂತೆಗೆದುಕೊಂಡರೆ ಮುಂದೆ ಮೇಷ್ಟ್ರ ಮಾತಿಗೆ ಬೆಲೆಯಿರುವುದಿಲ್ಲವೆಂದು ಶಿಕ್ಷೆ ಹಾಗೆಯೇ ಉಳಿಯುತ್ತದೆ. ಶಾಲೆ ಪಂದ್ಯ ಸೋಲುತ್ತದೆ. ಶಿಸ್ತು ಗೆದ್ದಿತು, ಮೇಷ್ಟ್ರು ಸೋತ. ಹುಡುಗರ ಕಣ್ಣಲ್ಲಿ ಆಗ ಕಾಣುವುದು ಭಯವಲ್ಲ, ತಿರಸ್ಕಾರ.

ಹೀಗೆಯೇ ಹದಿನೆಂಟು ವರ್ಷ ಕಳೆಯುತ್ತದೆ. ಗಾಣದೆತ್ತಿನಂತೆ ವರ್ಷವರ್ಷವೂ ಅದೇ ಲ್ಯಾಟಿನ್, ಅದೇ ವ್ಯಾಕರಣ. ಪಾಠದಲ್ಲಿ ತಪ್ಪಿಲ್ಲ, ಆದರೆ ಹತ್ತಿರ ಬರುವ ಹುಡುಗನಿಲ್ಲ. ವಿದ್ಯಾರ್ಥಿನಿಲಯದ ಮೇಲ್ವಿಚಾರಕನ ಸ್ಥಾನ, ಅಂದರೆ ‘ಹೌಸ್‌ಮಾಸ್ಟರ್’ ಪದವಿ ಈ ಸಲ ತನಗೇ ಎಂದು ನಂಬಿರುತ್ತಾನೆ. ಅದೂ ಬೇರೆಯವರ ಪಾಲಾಗುತ್ತದೆ. ಸುದ್ದಿ ತಿಳಿದ ಮೇಲೆ ಅವನ ಮುಖದ ಮೇಲೆ ಮೂಡುವ ನಗುವನ್ನು ಗಮನಿಸಬೇಕು. ಅಳುವಿಗಿಂತ ನೋಡಲು ಕಷ್ಟವಾದ ನಗು ಅದು.

ತರಗತಿಯಲ್ಲಿ ಹಿಂದೆ ಬಿದ್ದ ಹುಡುಗನನ್ನು ದಡ್ಡನೆಂದು ಮೂಲೆಗೆ ಸರಿಸುವುದು ಎಷ್ಟು ಸುಲಭವೋ, ಮಕ್ಕಳಿಗೆ ಹಿಡಿಸದ ಶಿಕ್ಷಕನನ್ನು ನಿಷ್ಪ್ರಯೋಜಕನೆಂದು ತೀರ್ಮಾನಿಸುವುದೂ ಅಷ್ಟೇ ಸುಲಭ. ಚಿತ್ರ ಅಲ್ಲಿಗೇ ನಿಂತಿದ್ದರೆ ಚಿಪ್ಪಿಂಗ್ ಕೂಡ ಅಂಥ ಒಬ್ಬ ಮರೆತುಹೋದ ಮೇಷ್ಟ್ರು. ಆದರೆ ಸಹೋದ್ಯೋಗಿಯೊಬ್ಬ ಅವನನ್ನು ಮರೆಯುವುದಿಲ್ಲ. ಜರ್ಮನ್ ಕಲಿಸುವ ಮ್ಯಾಕ್ಸ್ ಸ್ಟೀಫೆಲ್, ಬೇಸರದಲ್ಲಿ ಮುದುಡಿ ಕೂತ ಗೆಳೆಯನನ್ನು ಬಲವಂತದಿಂದ ಎಬ್ಬಿಸಿ ಆಸ್ಟ್ರಿಯದ ಬೆಟ್ಟಗಳಿಗೆ ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ಯುತ್ತಾನೆ. ಈ ಮ್ಯಾಕ್ಸ್‌ನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನ ಹೆಸರು ಮುಂದೆ ಮತ್ತೆ ಬರುತ್ತದೆ.

ಒಬ್ಬರ ನಂಬಿಕೆ

ಮಂಜು ಕವಿದ ಬೆಟ್ಟದ ಮೇಲೆ ಚಿಪ್ಪಿಂಗ್‌ಗೆ ಕ್ಯಾಥರೀನ್ ಸಿಗುತ್ತಾಳೆ. ಧೈರ್ಯಸ್ಥೆ, ಮಾತುಗಾತಿ, ಹೊಸ ವಿಚಾರದವಳು, ಸೈಕಲ್ಲಿನಲ್ಲಿ ಊರೂರು ಸುತ್ತುವವಳು. ಅವನಿಗಿಂತ ಬಹಳ ಚಿಕ್ಕವಳು. ಈ ಮುಜುಗರದ ಮನುಷ್ಯನೊಳಗೆ ಒಂದು ಮೃದುವಾದ, ತಮಾಷೆಯ ಮನಸ್ಸಿದೆ ಎಂಬುದನ್ನು ಮೊದಲು ಕಾಣುವವಳು ಅವಳು. ‘ಚಿಪ್ಸ್’ ಎಂಬ ಅಕ್ಕರೆಯ ಹೆಸರೂ ಅವಳದೇ ಕೊಡುಗೆ. ಮದುವೆಯಾಗಿ ಅವಳನ್ನು ಶಾಲೆಗೆ ಕರೆತಂದಾಗ ಸಹೋದ್ಯೋಗಿಗಳು ಬೆಕ್ಕಸಬೆರಗಾಗುತ್ತಾರೆ.

ಕ್ಯಾಥರೀನ್ ಗಂಡನಿಗೆ ಉಪದೇಶ ಮಾಡುವುದಿಲ್ಲ. ಭಾನುವಾರ ಹುಡುಗರನ್ನು ಮನೆಗೆ ಚಹಾಕ್ಕೆ ಕರೆಯುತ್ತಾಳೆ, ಕೇಕು ಕೊಡುತ್ತಾಳೆ. ಮನೆಯಲ್ಲಿ ತನ್ನೆದುರು ಹೇಳುವ ತಮಾಷೆಯನ್ನು ತರಗತಿಯಲ್ಲಿಯೂ ಹೇಳಬಾರದೇಕೆ ಎಂದು ಕೇಳುತ್ತಾಳೆ. ಒಂದು ದಿನ ಚಿಪ್ಸ್ ರೋಮನ್ ಕಾನೂನಿನ ಹೆಸರೊಂದನ್ನು ತಿರುಚಿ ಪಾಠದ ನಡುವೆ ಒಂದು ಶಬ್ದಚಮತ್ಕಾರ ಮಾಡಿಯೇಬಿಡುತ್ತಾನೆ. ಮೊದಲು ಮೌನ. ಚಿಪ್ಪಿಂಗ್ ಮೇಷ್ಟ್ರು ತಮಾಷೆ ಮಾಡಿದರೆ? ಆಮೇಲೆ ಇಡೀ ತರಗತಿ ಗೊಳ್ಳೆಂದು ನಗುತ್ತದೆ. ಹದಿನೆಂಟು ವರ್ಷಗಳ ಬಿಗಿ ಸಡಿಲವಾಗುವುದು ಆ ಒಂದು ನಗುವಿನಲ್ಲಿ. ಅವನ ವಿದ್ಯೆ ಹೆಚ್ಚಾಗಲಿಲ್ಲ, ಪಾಠಪಟ್ಟಿ ಬದಲಾಗಲಿಲ್ಲ. ತಾನು ಯಾರಿಗೋ ಬೇಕಾದವನು ಎಂಬ ಭರವಸೆ ಬಂದಿತು, ಅಷ್ಟೇ. ಇದು ಮೇಷ್ಟ್ರಿಗೆ ಮಾತ್ರ ಅನ್ವಯಿಸುವ ಮಾತಲ್ಲ; ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ನಿಂತ ಹುಡುಗನಿಗೂ ಅನ್ವಯಿಸುತ್ತದೆ.

ಸುಖ ಬಹುಕಾಲ ಉಳಿಯುವುದಿಲ್ಲ. ಹೆರಿಗೆಯಲ್ಲಿ ಕ್ಯಾಥರೀನ್ ತೀರಿಕೊಳ್ಳುತ್ತಾಳೆ, ಮಗುವೂ ಉಳಿಯುವುದಿಲ್ಲ. ಆ ದಿನ ಏಪ್ರಿಲ್ 1. ಏನೂ ಅರಿಯದ ಹುಡುಗರು ಮೇಷ್ಟ್ರನ್ನು ಮೂರ್ಖರನ್ನಾಗಿಸಲು ಲಕೋಟೆಗಳಲ್ಲಿ ಖಾಲಿ ಹಾಳೆ ತುಂಬಿಟ್ಟಿದ್ದಾರೆ. ಚಿಪ್ಸ್ ಬರುತ್ತಾನೆ, ಖಾಲಿ ಹಾಳೆಗಳನ್ನು ದಿಟ್ಟಿಸುತ್ತ ಕೂರುತ್ತಾನೆ. ಕಿಸಕ್ಕನೆ ನಗುತ್ತಿದ್ದ ತರಗತಿಗೆ ಸಾವಿನ ಸುದ್ದಿ ಪಿಸುಮಾತಿನಲ್ಲಿ ತಲುಪುತ್ತದೆ. ಪಾಠ ಮುಂದುವರಿಯುತ್ತದೆ. ದುಃಖದ ದೊಡ್ಡ ಸಂಭಾಷಣೆ ಇಲ್ಲದ, ಚೀರಾಟವಿಲ್ಲದ ಈ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು.

ಕ್ಯಾಥರೀನ್ ಪಾತ್ರ ವಹಿಸಿದ ಗ್ರೀರ್ ಗಾರ್ಸನ್‌ಗೆ ಇದು ಮೊದಲ ಚಿತ್ರ. ತೆರೆಯ ಮೇಲೆ ಇರುವುದು ಸ್ವಲ್ಪವೇ ಹೊತ್ತಾದರೂ ಆಸ್ಕರ್ ನಾಮಕರಣ ದೊರೆಯಿತು. ಮುಂದೆ 1942ರ ‘ಮಿಸೆಸ್ ಮಿನಿವರ್’ ಚಿತ್ರಕ್ಕೆ ಆಕೆ ಆಸ್ಕರ್ ಗೆದ್ದರು. ಆ ಚಿತ್ರಕಥೆಯಲ್ಲಿ ಪಾಲು ಪಡೆದು ಪ್ರಶಸ್ತಿ ಹಂಚಿಕೊಂಡವರಲ್ಲಿ ಜೇಮ್ಸ್ ಹಿಲ್ಟನ್ ಕೂಡ ಒಬ್ಬ!

ಶಾಲೆಯೋ ಕಾರ್ಖಾನೆಯೋ

ಚಿತ್ರದ ಎರಡನೆಯ ಭಾಗದಲ್ಲಿ ಹೊಸ ಹೆಡ್‌ಮಾಸ್ಟರ್ ಬರುತ್ತಾನೆ. ಕೆಟ್ಟವನೇನೂ ಅಲ್ಲ, ದಕ್ಷ. ಶಾಲೆಯನ್ನು ಕಾಲಕ್ಕೆ ತಕ್ಕಂತೆ ಮಾಡಬೇಕೆಂಬ ಉತ್ಸಾಹಿ. ಹಳೆಯ ನಿಲುವಂಗಿಯ, ಹಳೆಯ ಉಚ್ಚಾರಣೆಯ ಚಿಪ್ಸ್ ಅವನಿಗೆ ಹಿಡಿಸುವುದಿಲ್ಲ. ಸಿಸೆರೊ ಎನ್ನುವ ಬದಲು ಹೊಸ ಪದ್ಧತಿಯಂತೆ ಕಿಕೆರೊ ಎಂದು ಕಲಿಸಬೇಕೆಂಬುದು ಅವನ ಆಗ್ರಹ. ಬದುಕಿನುದ್ದಕ್ಕೂ ಸಿಸೆರೊ ಎನ್ನುವ ಹುಡುಗರಿಗೆ ಶಾಲೆಯಲ್ಲಿ ಮಾತ್ರ ಕಿಕೆರೊ ಏಕೆ ಎಂಬುದು ಚಿಪ್ಸ್ ವಾದ. ರಾಜೀನಾಮೆ ಕೊಡಿ ಎಂಬ ಮಾತು ಬಂದಾಗ ಸೌಮ್ಯ ಸ್ವಭಾವದ ಮುದುಕ ಮೊದಲ ಸಲ ಸಿಡಿಯುತ್ತಾನೆ. ನೀವು ಶಾಲೆ ನಡೆಸುತ್ತಿಲ್ಲ, ಹಣದ ಹಿಂದೆ ಓಡುವವರನ್ನು ಒಂದೇ ಅಚ್ಚಿನಲ್ಲಿ ಹೊರತೆಗೆಯುವ ಕಾರ್ಖಾನೆ ನಡೆಸುತ್ತಿದ್ದೀರಿ ಎಂಬುದು ಅವನ ಮಾತಿನ ಸಾರ.

ಹುಡುಗರೂ ಆಡಳಿತ ಮಂಡಲಿಯೂ ಚಿಪ್ಸ್ ಪರ ನಿಲ್ಲುತ್ತಾರೆ. ನೂರು ವರ್ಷವಾಗುವವರೆಗೆ ಇರಿ, ನಿಮಗಿಷ್ಟ ಬಂದಂತೆ ಸಿಸೆರೊ ಎನ್ನಿ ಎಂದು ಹೇಳುತ್ತಾರೆ. ಇಲ್ಲಿ ಹಳತೆಲ್ಲ ಹೊನ್ನೆಂದು ಚಿತ್ರ ಸಾಧಿಸುತ್ತಿದೆ ಎಂದುಕೊಳ್ಳಬೇಕಾಗಿಲ್ಲ. ಲ್ಯಾಟಿನ್ ಉಚ್ಚಾರದ ವಿಷಯದಲ್ಲಿ ಹೊಸ ಹೆಡ್‌ಮಾಸ್ಟರನ ಪಕ್ಷದಲ್ಲೂ ಹುರುಳಿದೆ. ಪ್ರಾಚೀನ ರೋಮನರು ಆ ಹೆಸರನ್ನು ನುಡಿಯುತ್ತಿದ್ದದ್ದು ಕಿಕೆರೊ ಎಂಬುದಕ್ಕೇ ಹತ್ತಿರ. ಆದರೆ ಜಗಳ ಉಚ್ಚಾರದ್ದಲ್ಲ. ಶಾಲೆಯಿಂದ ಹೊರಬೀಳುವ ಹುಡುಗ ಎಷ್ಟು ಗಳಿಸುತ್ತಾನೆ ಎಂಬುದರಿಂದ ಶಾಲೆಯನ್ನು ಅಳೆಯಬೇಕೋ, ಎಂಥವನಾಗುತ್ತಾನೆ ಎಂಬುದರಿಂದಲೋ ಎಂಬುದು ಅಸಲಿನ ಜಗಳ. ಫಲಿತಾಂಶದ ಶೇಕಡಾವಾರನ್ನು ದೊಡ್ಡ ಅಕ್ಷರದ ಬ್ಯಾನರುಗಳಲ್ಲಿ ಓದಿ ಶಾಲೆ ಆರಿಸುವ ತಂದೆತಾಯಿಗಳಿಗೆ ಈ ದೃಶ್ಯ ಸ್ವಲ್ಪ ಚುಚ್ಚಿದರೂ ಆಶ್ಚರ್ಯವಿಲ್ಲ.

ಶತ್ರುವಿನ ಹೆಸರು

1914. ಯುದ್ಧ ಬರುತ್ತದೆ. ತರುಣ ಮೇಷ್ಟ್ರುಗಳೆಲ್ಲ ಸೈನ್ಯಕ್ಕೆ ಹೊರಟುಹೋಗುತ್ತಾರೆ. ಆಗ ತಾನೇ ನಿವೃತ್ತನಾಗಿದ್ದ ಚಿಪ್ಸ್‌ನನ್ನು ಮತ್ತೆ ಕರೆದು ಹೆಡ್‌ಮಾಸ್ಟರ್ ಮಾಡುತ್ತಾರೆ. ಎಂದಾದರೊಂದು ದಿನ ನೀವು ಈ ಶಾಲೆಯ ಹೆಡ್‌ಮಾಸ್ಟರ್ ಆಗುವಿರಿ ಎಂದಿದ್ದಳು ಕ್ಯಾಥರೀನ್. ಮಾತು ನಿಜವಾಯಿತು, ಆದರೆ ಎಂಥ ಹೊತ್ತಿನಲ್ಲಿ! ಆ ಪದವಿಯಲ್ಲಿ ಅವನು ಮಾಡಬೇಕಾಗಿ ಬಂದ ಮುಖ್ಯ ಕೆಲಸ, ಭಾನುವಾರ ಭಾನುವಾರ ಶಾಲೆಯ ಪ್ರಾರ್ಥನಾಮಂದಿರದಲ್ಲಿ ನಿಂತು ಸತ್ತ ಹಳೆಯ ವಿದ್ಯಾರ್ಥಿಗಳ ಹೆಸರು ಓದುವುದು. ಹಿಂದೆ ಹಾಜರಿ ಕರೆದ ಅದೇ ಹೆಸರುಗಳು. ಅಂದು ‘ಬಂದಿದ್ದೇನೆ’ ಎನ್ನುತ್ತಿದ್ದವರು ಇಂದು ಉತ್ತರಿಸುವುದಿಲ್ಲ.

ಜರ್ಮನ್ ವಿಮಾನನೌಕೆ ಬಾಂಬು ಹಾಕುತ್ತಿರುವಾಗಲೂ ಚಿಪ್ಸ್ ಪಾಠ ನಿಲ್ಲಿಸುವುದಿಲ್ಲ. ಜೂಲಿಯಸ್ ಸೀಸರ್ ಜರ್ಮನ್ ಬುಡಕಟ್ಟುಗಳೊಡನೆ ಕಾದಾಡಿದ ಭಾಗವನ್ನೇ ಆರಿಸಿ ಅನುವಾದ ಮಾಡಿಸುತ್ತಾನೆ. ಹೆದರಿದ ಹುಡುಗರ ಮುಖದಲ್ಲಿ ನಗು ಮೂಡುತ್ತದೆ.

ಒಂದು ಭಾನುವಾರ ಪಟ್ಟಿಯ ಜೊತೆಗೆ ಅವನು ಇನ್ನೊಂದು ಹೆಸರನ್ನೂ ಓದುತ್ತಾನೆ: ಮ್ಯಾಕ್ಸ್ ಸ್ಟೀಫೆಲ್. ಅದೇ ಜರ್ಮನ್ ಮೇಷ್ಟ್ರು, ಬೆಟ್ಟಕ್ಕೆ ಕರೆದೊಯ್ದ ಗೆಳೆಯ. ಸತ್ತದ್ದು ಶತ್ರುಪಕ್ಷದಲ್ಲಿ ಹೋರಾಡುತ್ತ. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಚಿಪ್ಸ್ ವಿವರಣೆ ಕೊಡುವುದಿಲ್ಲ. ಈ ಶಾಲೆಯಲ್ಲಿ ಪಾಠ ಹೇಳಿದವನು, ಸತ್ತಿದ್ದಾನೆ. ಅವನ ಹೆಸರು ಇಲ್ಲಿ ಓದಬೇಕು. ಅಷ್ಟೇ.

ಚಿತ್ರದ ಎತ್ತರ ಇರುವುದು ಇಲ್ಲಿ. ಮಾನವೀಯತೆ ಎಂಬ ಪದವನ್ನು ಒಮ್ಮೆಯೂ ಬಳಸದೆ ಒಬ್ಬ ಮೇಷ್ಟ್ರು ಆ ಪಾಠವನ್ನು ಒಂದು ಹೆಸರಿನಲ್ಲಿ ಹೇಳಿ ಮುಗಿಸುತ್ತಾನೆ. ಚಿತ್ರ ಬಿಡುಗಡೆಯಾದ ಕಾಲವನ್ನು ನೆನೆದರೆ ಇದರ ತೂಕ ಇನ್ನೂ ಹೆಚ್ಚು. ನ್ಯೂಯಾರ್ಕಿನಲ್ಲಿ ಅದು ತೆರೆಕಂಡದ್ದು 1939ರ ಮೇ ತಿಂಗಳಲ್ಲಿ. ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಆರ್. ಸಿ. ಶೆರಿಫ್ ಮೊದಲ ಮಹಾಯುದ್ಧದಲ್ಲಿ ಸ್ವತಃ ಹೋರಾಡಿ ಗಾಯಗೊಂಡಿದ್ದವರು. ಸ್ಟೀಫೆಲ್ ಪಾತ್ರ ಮಾಡಿದ ಪಾಲ್ ಹೆನ್ರೀಡ್, ನಾಜಿಗಳನ್ನು ವಿರೋಧಿಸಿ ಬ್ರಿಟನ್ನಿಗೆ ಬಂದಿದ್ದ ಆಸ್ಟ್ರಿಯದ ನಟ. ‘ಕಾಸಾಬ್ಲಾಂಕಾ’ ನೋಡಿದವರಿಗೆ ಅವರ ಮುಖ ಪರಿಚಿತ.

ಗೇಬಲ್‌ನನ್ನು ಹಿಂದಿಕ್ಕಿದ ನಟ

ಚಿಪ್ಸ್ ಆಗಿ ನಟಿಸಿದ ರಾಬರ್ಟ್ ಡೊನಟ್‌ಗೆ ಆಗ 34 ವರ್ಷ. ಇಪ್ಪತ್ತರ ಹರೆಯದ ಅಂಜುಬುರುಕನಿಂದ ಹಿಡಿದು ಎಂಬತ್ತು ದಾಟಿದ ವೃದ್ಧನವರೆಗೆ ಎಲ್ಲ ವಯಸ್ಸೂ ಅವರದೇ. ಬಣ್ಣ, ಮೀಸೆ, ಬಿಳಿಗೂದಲು ಸಹಾಯ ಮಾಡಿದವು ನಿಜ. ಆದರೆ ವಯಸ್ಸು ಇಳಿಯುವುದು ಬೆನ್ನಿನಲ್ಲಿ, ಧ್ವನಿಯಲ್ಲಿ, ಮೆಟ್ಟಿಲು ಹತ್ತುವ ಕಾಲಿನಲ್ಲಿ. ಬಾಲ್ಯದಲ್ಲಿ ಉಗ್ಗಿನಿಂದ, ಜೀವನದುದ್ದಕ್ಕೂ ಉಬ್ಬಸದಿಂದ ಬಳಲಿದ ನಟ ಅವರು. ಆ ವರ್ಷದ ಆಸ್ಕರ್ ಸ್ಪರ್ಧೆಯಲ್ಲಿ ಎದುರಿಗಿದ್ದವರು ‘ಗಾನ್ ವಿತ್ ದ ವಿಂಡ್’ನ ಕ್ಲಾರ್ಕ್ ಗೇಬಲ್, ಲಾರೆನ್ಸ್ ಒಲಿವಿಯೆ, ಜೇಮ್ಸ್ ಸ್ಟುವರ್ಟ್, ಮಿಕ್ಕಿ ರೂನಿ. ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಡೊನಟ್‌ಗೆ. ಚಿತ್ರಕ್ಕೆ ಒಟ್ಟು ಏಳು ನಾಮಕರಣಗಳಿದ್ದವು. ಕೈಗೆ ಬಂದದ್ದು ಅದೊಂದೇ. ಇದೇ ಕಥೆ 1969ರಲ್ಲಿ ಪೀಟರ್ ಒಟೂಲ್ ಅಭಿನಯದಲ್ಲಿ ಸಂಗೀತಚಿತ್ರವಾಗಿಯೂ ಬಂದಿತು. ಆದರೆ ಮೊದಲು ನೋಡಬೇಕಾದದ್ದು 1939ರದು.

ಲೋಪಗಳಿಲ್ಲವೆಂದಲ್ಲ. ಬ್ರೂಕ್‌ಫೀಲ್ಡ್ ಉಳ್ಳವರ ಗಂಡುಮಕ್ಕಳ ಲೋಕ. ಅಲ್ಲಿ ಹೆಣ್ಣುಮಕ್ಕಳಿಗೆ ಬೆಂಚಿಲ್ಲ, ಬಡವರಿಗೆ ಬಾಗಿಲಿಲ್ಲ. ಬೆತ್ತದೇಟು ದಿನನಿತ್ಯದ ಮಾತು. ಹಿಲ್ಟನ್ ಕಾದಂಬರಿಯಲ್ಲಿ, ಲಂಡನ್ನಿನ ಬಡ ಬಡಾವಣೆಯ ಹುಡುಗರನ್ನು ಶಾಲೆಗೆ ಕರೆಸಿ ಫುಟ್‌ಬಾಲ್ ಆಡಿಸಬೇಕೆಂದು ಹಟ ಹಿಡಿದು ಗೆಲ್ಲುವವಳು ಕ್ಯಾಥರೀನ್. ಚಿತ್ರದಲ್ಲಿಯೂ ಕಾಲಿ ಮನೆತನದ ಹುಡುಗನೊಬ್ಬ ಊರಿನ ಅಂಗಡಿಯ ಹುಡುಗನೊಡನೆ ಹೊಡೆದಾಡಿ, ಚಿಪ್ಸ್ ಎದುರು ಕೈಕುಲುಕುತ್ತಾನೆ. ದೊಡ್ಡವರಾದ ಮೇಲೆ ಇಬ್ಬರೂ ಒಂದೇ ಯುದ್ಧಕ್ಕೆ ಹೋಗುತ್ತಾರೆ. ಆದರೂ ಗೋಡೆ ಗೋಡೆಯೇ. ಮಕ್ಕಳೊಡನೆ ನೋಡುವಾಗ ಇದನ್ನು ಮರೆಮಾಚಬೇಕಾಗಿಲ್ಲ. ಹಾಗಾದರೆ ಒಳಗೆ ಬರಲಾಗದವರ ಗತಿ ಏನು ಎಂದು ಮಗು ಕೇಳಿದರೆ ಚಿತ್ರ ನೋಡಿದ್ದು ಸಾರ್ಥಕ.

114 ನಿಮಿಷಗಳ ಚಿತ್ರ. ಮೊದಲ ಕಾಲು ಗಂಟೆ ಇಂದಿನ ಮಕ್ಕಳಿಗೆ ನಿಧಾನ ಎನಿಸಬಹುದು. ಕ್ರಿಕೆಟ್ ಪಂದ್ಯದ ದೃಶ್ಯದವರೆಗೆ ತಾಳ್ಮೆ ವಹಿಸಿದರೆ ಸಾಕು, ಮುಂದಿನದು ತಾನಾಗಿ ಹಿಡಿದು ಕೂರಿಸುತ್ತದೆ.

ಕೊನೆಯ ದೃಶ್ಯದಲ್ಲಿ ಚಿಪ್ಸ್ ಹಾಸಿಗೆ ಹಿಡಿದಿದ್ದಾನೆ. ಪಾಪ, ಅವನಿಗೆ ಮಕ್ಕಳೇ ಆಗಲಿಲ್ಲವಲ್ಲ ಎಂದು ಪಕ್ಕದಲ್ಲಿ ಯಾರೋ ಮೆಲ್ಲಗೆ ಹೇಳುವುದು ಅವನ ಕಿವಿಗೆ ಬೀಳುತ್ತದೆ. ನನಗೆ ಮಕ್ಕಳಿದ್ದಾರೆ, ಸಾವಿರಾರು ಮಂದಿ, ಎಲ್ಲರೂ ಗಂಡುಹುಡುಗರೇ ಎಂದು ಕಣ್ಣು ತೆರೆದು ತಿದ್ದುತ್ತಾನೆ. ಕೊನೆಗಾಲದಲ್ಲೂ ತಪ್ಪು ಕಂಡರೆ ತಿದ್ದದೆ ಬಿಡದ ಮೇಷ್ಟ್ರು! ಮುಚ್ಚುತ್ತಿರುವ ಅವನ ಕಣ್ಣ ಮುಂದೆ ಹುಡುಗರ ಮುಖಗಳು ಒಂದೊಂದಾಗಿ ಹೆಸರು ಹೇಳುತ್ತ ಸಾಗುತ್ತವೆ. ಎಲ್ಲರ ಹಿಂದೆ ಕಾಲಿ ಮನೆತನದ ಪುಟ್ಟ ಹುಡುಗ ನಿಂತು, ಹೋಗಿಬರುತ್ತೇನೆ ಮೇಷ್ಟ್ರೇ ಎಂಬಂತೆ ಕೈಬೀಸುತ್ತಾನೆ.

ಒಳ್ಳೆಯ ಶಾಲೆ ಯಾವುದು ಎಂಬ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಸರಳ. ಅಲ್ಲಿನ ಕಟ್ಟಡ, ಶುಲ್ಕ, ಹೆಸರುವಾಸಿ ಇವೆಲ್ಲ ಆಮೇಲೆ. ನಿಮ್ಮ ಮಗುವನ್ನು ಹೆಸರು ಹಿಡಿದು ಕರೆಯುವ, ಐವತ್ತು ವರ್ಷ ಕಳೆದರೂ ಆ ಹೆಸರನ್ನು ನೆನಪಿಟ್ಟುಕೊಳ್ಳುವ ಒಬ್ಬರಾದರೂ ಅಲ್ಲಿದ್ದಾರೆಯೇ? ಚಿತ್ರ ಮುಗಿದ ಮೇಲೆ ಮಕ್ಕಳು ತಮ್ಮ ಅಪ್ಪ ಅಮ್ಮನನ್ನು ಒಂದು ಮಾತು ಕೇಳಬಹುದು: ನಿಮ್ಮ ಶಾಲೆಯಲ್ಲಿ ನಿಮಗೆ ಯಾವ ಮೇಷ್ಟ್ರ ನೆನಪಿದೆ? ಆ ಸಂಜೆಯ ಮಾತುಕತೆ ಚಿತ್ರಕ್ಕಿಂತ ಉದ್ದವಾದೀತು.